ಮೊಟ್ಟೆ ಕೌಜುಗದ ಆಹಾರಕ್ಕೆ ಗಿಡಮೂಲಿಕೆ: ಯಾವುದು, ಎಷ್ಟು, ಹೇಗೆ?

ಜಪಾನಿ ಕೌಜುಗದ ಹೆಣ್ಣು ಹಕ್ಕಿ ತೂಗುವುದು 200 ಗ್ರಾಂಗಿಂತ ಕಡಿಮೆ. ಅದು ಇಡುವ ಮೊಟ್ಟೆ 10ರಿಂದ 12 ಗ್ರಾಂ. ಎಂದರೆ ಮೈತೂಕದ ಶೇ 6ರಷ್ಟನ್ನು ಹೆಚ್ಚುಕಡಿಮೆ ದಿನವೂ ಹೊರಗೆ ಹಾಕುತ್ತದೆ. ಮೊಟ್ಟೆ ಕೋಳಿಯಲ್ಲಿ ಈ ಲೆಕ್ಕ ಶೇ 4ನ್ನೂ ಮುಟ್ಟುವುದಿಲ್ಲ. ಇಷ್ಟು ದುಡಿಯುವ ಹಕ್ಕಿ ದಿನಕ್ಕೆ ತಿನ್ನುವುದು 25 ಗ್ರಾಂ ಆಸುಪಾಸು. ಅದರಲ್ಲಿ ಕೆಲಸಕ್ಕೆ ಬಾರದ ಒಂದು ಗ್ರಾಂ ಪುಡಿ ಸೇರಿಸಿದರೆ ಕೆಲಸಕ್ಕೆ ಬರುವ ಒಂದು ಗ್ರಾಂ ಕಾಳು ಹೊರಗುಳಿಯುತ್ತದೆ. ಗಿಡಮೂಲಿಕೆ ಬೆರೆಸಲು ಹೊರಟವರು ಮೊದಲು ನೆನಪಿಡಬೇಕಾದದ್ದು ಇದನ್ನೇ.

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಹಿತ್ತಲಿನಲ್ಲಿ, ಹಳೆಯ ದನದ ಕೊಟ್ಟಿಗೆಯಲ್ಲಿ ನೂರಿನ್ನೂರು ಕೌಜುಗ ಸಾಕುವವರಿಗೆ ಮೂಲಿಕೆಗಾಗಿ ಪೇಟೆಯ ಬಾಟಲಿ ಬೇಕಿಲ್ಲ. ನುಗ್ಗೆ ಬದುವಿನಲ್ಲಿದೆ, ಅರಿಶಿನ ನೆರೆಯ ಹೊಲದಲ್ಲಿದೆ, ನಿಂಬೆ ಇಂಡಿಯಲ್ಲಿದೆ. ಬೇಕಿರುವುದು ತಕ್ಕಡಿ ಮತ್ತು ತಾಳ್ಮೆ.

ಮೊದಲು ಮೂಲ ಆಹಾರ ಸರಿಮಾಡಿ

‘ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ’ ಎಂಬಂತೆ ಪ್ರೋಟೀನ್ ಕೊರತೆಯಿರುವ ಆಹಾರಕ್ಕೆ ಶತಾವರಿ ಬೆರೆಸಿ ಮೊಟ್ಟೆಗೆ ಕಾಯುವವರಿದ್ದಾರೆ. ಮೊಟ್ಟೆ ಇಡುವ ಕೌಜುಗಕ್ಕೆ ಶೇ 20ರಷ್ಟು ಪ್ರೋಟೀನ್, ಶೇ 2.5ರಿಂದ 3ರಷ್ಟು ಕ್ಯಾಲ್ಸಿಯಂ ಬೇಕು. ಅಂಗಡಿಯಲ್ಲಿ ಸಿಗುವ ಮೊಟ್ಟೆ ಕೋಳಿಗಳ ಸಿದ್ಧ ಆಹಾರ, ಎಂದರೆ ಲೇಯರ್ ಮ್ಯಾಶ್‌ನಲ್ಲಿ ಪ್ರೋಟೀನ್ ಸಾಮಾನ್ಯವಾಗಿ ಶೇ 16ರಿಂದ 18 ಮಾತ್ರ. ಅದನ್ನೇ ಕೊಡುತ್ತಿದ್ದರೆ 10 ಕಿಲೋ ಮ್ಯಾಶ್‌ಗೆ 1.2 ಕಿಲೋ ಸೋಯಾ ಹಿಂಡಿ ಬೆರೆಸಿ. ಲೆಕ್ಕ ಶೇ 20ರ ಹತ್ತಿರ ಬರುತ್ತದೆ. ಹಲವರ ಮೊಟ್ಟೆ ಸಮಸ್ಯೆ ಇಷ್ಟಕ್ಕೇ ಮುಗಿಯುತ್ತದೆ, ಮೂಲಿಕೆಯವರೆಗೆ ಹೋಗುವುದೇ ಇಲ್ಲ.

ಮನೆಯಲ್ಲೇ ಬೆರೆಸುವವರಿಗೆ 25 ಕಿಲೋ ಲೆಕ್ಕ ಹೀಗಿದೆ: ಒಡೆದ ಗೋವಿನಜೋಳ ಹನ್ನೆರಡೂವರೆ ಕಿಲೋ, ಸೋಯಾ ಹಿಂಡಿ ಏಳೂವರೆ ಕಿಲೋ, ಅಕ್ಕಿ ತೌಡು ಒಂದೂಮುಕ್ಕಾಲು ಕಿಲೋ, ಸುಣ್ಣಕಲ್ಲಿನ ಪುಡಿ ಒಂದೂವರೆ ಕಿಲೋ, ಕೋಳಿಗಳ ಖನಿಜ ಮಿಶ್ರಣ ಮುಕ್ಕಾಲು ಕಿಲೋ, ಉಪ್ಪು 75 ಗ್ರಾಂ. ಉಳಿದ 925 ಗ್ರಾಂ ಜಾಗ ಮೂಲಿಕೆಗಳದ್ದು. ಖನಿಜ ಮಿಶ್ರಣ, ವಿಟಮಿನ್ ಹಾಗೂ ಪ್ರೋಟೀನಿನ ಘಟಕವಾದ ಮಿಥಿಯೋನಿನ್ ಪ್ರಮಾಣವನ್ನು ಪೊಟ್ಟಣದ ಮೇಲೆ ಓದಿ ಹೊಂದಿಸಿಕೊಳ್ಳಿ. 100 ಹಕ್ಕಿಗಳಿಗೆ ಈ 25 ಕಿಲೋ ಹತ್ತು ದಿನಕ್ಕೆ ಸಾಕು. ಒಮ್ಮೆಗೆ ಅದಕ್ಕಿಂತ ಹೆಚ್ಚು ಬೆರೆಸಬೇಡಿ. ಮಳೆಗಾಲದಲ್ಲಂತೂ ತೌಡು ಕಮಟು ಹಿಡಿಯುತ್ತದೆ, ಹಿಂಡಿಗೆ ಬೂಷ್ಟು ಬರುತ್ತದೆ. ಸೋಯಾ ಬದಲು ಶೇಂಗಾ ಹಿಂಡಿ ಬಳಸುವವರು ಇನ್ನೂ ಹುಷಾರಾಗಿರಬೇಕು. ಅದರ ಬೂಷ್ಟಿನಲ್ಲಿರುವ ಅಫ್ಲಾಟಾಕ್ಸಿನ್ ವಿಷಕ್ಕೆ ಯಾವ ಮೂಲಿಕೆಯೂ ಉತ್ತರವಲ್ಲ.

ಸುಣ್ಣಕಲ್ಲಿನ ವಿಷಯದಲ್ಲಿ ನಮ್ಮ ಭಾಗದವರಿಗೆ ಒಂದು ಎಚ್ಚರಿಕೆ. ಬಾಗಲಕೋಟೆ, ಲೋಕಾಪುರ ಸುತ್ತ ಸುಣ್ಣದ ಕಲ್ಲಿಗೆ ಬರವಿಲ್ಲ, ಪುಡಿ ಅಗ್ಗಕ್ಕೂ ಸಿಗುತ್ತದೆ. ಆದರೆ ಕಲಾದಗಿ ಸೀಮೆಯ ಕಲ್ಲಿನ ಪದರಗಳಲ್ಲಿ ಸುಣ್ಣಕಲ್ಲಿನ ಜತೆ ಡಾಲಮೈಟ್ ಕೂಡ ಇದೆ. ಅದರಲ್ಲಿ ಮೆಗ್ನೀಸಿಯಂ ಹೆಚ್ಚು. ಹಕ್ಕಿಯ ಹಿಕ್ಕೆ ನೀರಾಗುತ್ತದೆ, ಮೊಟ್ಟೆಯ ಚಿಪ್ಪು ತೆಳುವಾಗುತ್ತದೆ. ಕ್ವಾರಿಯ ದೂಳನ್ನು ತಂದು ಹಾಕದೆ ಪಶು ಆಹಾರಕ್ಕೆಂದೇ ಮಾರುವ ಪುಡಿಯನ್ನು ಕೊಳ್ಳಿ.

ನಿಮ್ಮ ಕೊರತೆ ಯಾವುದೆಂದು ನೋಡಿ ಮೂಲಿಕೆ ಆರಿಸಿ

‘ಎಲ್ಲಕ್ಕೂ ಒಳ್ಳೆಯದು’ ಎಂದು ಹತ್ತು ಪುಡಿ ಕಲಸಿದ ಮಿಶ್ರಣದಲ್ಲಿ ಯಾವುದು ಕೆಲಸ ಮಾಡಿತು ಎಂದು ದೇವರಿಗೂ ತಿಳಿಯದು. ಸಮಸ್ಯೆ ಒಂದು, ಮೂಲಿಕೆ ಒಂದು, ಹೆಚ್ಚೆಂದರೆ ಎರಡು.

ಹಳದಿ ಲೋಳೆ ಪೇಲವವಾಗಿದೆಯೇ? ಇದು ವಿಜಯಪುರದ ಕಡೆ ಸಾಮಾನ್ಯ ದೂರು, ಕಾರಣವೂ ಸರಳ. ಗೋವಿನಜೋಳ ದುಬಾರಿಯಾದಾಗ ಮನೆಯ ಬಿಳಿಜೋಳವನ್ನು ಒಡೆದು ಹಾಕುತ್ತೇವೆ. ಶಕ್ತಿಯ ಲೆಕ್ಕದಲ್ಲಿ ಬಿಳಿಜೋಳ ಅಷ್ಟೇನೂ ಹಿಂದಿಲ್ಲ. ಆದರೆ ಲೋಳೆಗೆ ಬಣ್ಣ ಕೊಡುವ ಹಳದಿ ವರ್ಣಕ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಕ್ಕಿ ಈ ವರ್ಣಕವನ್ನು ತಾನೇ ತಯಾರಿಸಿಕೊಳ್ಳಲಾರದು, ತಿಂದದ್ದರಿಂದಲೇ ಬರಬೇಕು. ಇದಕ್ಕೆ ಎರಡು ಒಳ್ಳೆಯ ದಾರಿಗಳಿವೆ: ನುಗ್ಗೆ ಸೊಪ್ಪು ಮತ್ತು ಚೆಂಡು ಹೂವು.

ನುಗ್ಗೆ ನನ್ನ ಮೊದಲ ಆಯ್ಕೆ. ಒಣಗಿದ ಎಲೆಯಲ್ಲಿ ಶೇ 25ರ ಆಸುಪಾಸು ಪ್ರೋಟೀನ್, ಒಳ್ಳೆಯ ಕ್ಯಾಲ್ಸಿಯಂ, ಜತೆಗೆ ಬಣ್ಣವೂ ಇರುವುದರಿಂದ ಆ 25 ಗ್ರಾಂನಲ್ಲಿ ತನ್ನ ಜಾಗಕ್ಕೆ ತಾನೇ ಬಾಡಿಗೆ ಕೊಡುವ ಮೂಲಿಕೆ ಇದು. ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ಇರಲಿ, ಬಾವಿ ಬದಿಯ ನಾಟಿ ಮರವಿರಲಿ, ಎಲೆಗೆ ವ್ಯತ್ಯಾಸವಿಲ್ಲ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಕೊಂಬೆ ಕಡಿದು ಎಲೆ ಉದುರಿಸಿ, ಕಡ್ಡಿ ತೆಗೆದು, ತೊಳೆದು, ಹೊರಸಿನ ಮೇಲೆ ಹಳೆಯ ಸೀರೆ ಹಾಸಿ ನೆರಳಿನಲ್ಲಿ ತೆಳುವಾಗಿ ಹರಡಿ. ದಿನಕ್ಕೆರಡು ಬಾರಿ ಕೈಯಾಡಿಸಿ. ಮೂರ್ನಾಲ್ಕು ದಿನಕ್ಕೆ ಹಿಡಿಯಲ್ಲಿ ಹಿಸುಕಿದರೆ ಗರಗರ ಎಂದು ಪುಡಿಯಾಗಬೇಕು, ಬಣ್ಣ ಮಾತ್ರ ಹಸಿರಾಗಿಯೇ ಉಳಿದಿರಬೇಕು. ಕಂದಾಗಿದ್ದರೆ ಬಿಸಿಲು ಬಡಿದಿದೆ ಎಂದರ್ಥ, ಬಣ್ಣದ ಅಂಶ ಅರ್ಧ ಹೋಗಿರುತ್ತದೆ. ನಾಲ್ಕೈದು ಕಿಲೋ ಹಸಿ ಎಲೆಗೆ ಒಂದು ಕಿಲೋ ಪುಡಿ ಸಿಗುತ್ತದೆ. ಶೇ 3 ಸಾಕು, ಎಂದರೆ 25 ಕಿಲೋಗೆ 750 ಗ್ರಾಂ. ಶೇ 5 ದಾಟಬೇಡಿ. ನಾರು, ಸಪೋನಿನ್ ಎಂಬ ಕಹಿ ಅಂಶ ಹೆಚ್ಚಾಗಿ ಹಕ್ಕಿ ತಿನ್ನುವುದನ್ನೇ ಕಡಿಮೆ ಮಾಡುತ್ತದೆ.

ಚೆಂಡು ಹೂವಿನದು ಬಣ್ಣದ ಕೆಲಸ ಮಾತ್ರ. ದಸರಾ, ದೀಪಾವಳಿ ಮುಗಿದ ಮರುದಿನ ಪೇಟೆಯಲ್ಲಿ ರಾಶಿ ಬಿದ್ದಿರುವ ಹೂವು ಕಂಡು ಆಸೆಪಡುವುದು ಸಹಜ. ಆದರೆ ಕೀಟನಾಶಕ ಹೊಡೆದ ಹೂವೋ ಅಲ್ಲವೋ ಎಂದು ಹೇಳುವವರು ಯಾರು? ಹಿತ್ತಲಿನಲ್ಲೇ ಎರಡು ಸಾಲು ಕಿತ್ತಳೆ ಬಣ್ಣದ ಚೆಂಡು ಹಚ್ಚಿ. ಎಸಳನ್ನಷ್ಟೇ ನೆರಳಿನಲ್ಲಿ ಒಣಗಿಸಿ ಪುಡಿಮಾಡಿ, 25 ಕಿಲೋಗೆ 75ರಿಂದ 125 ಗ್ರಾಂ ಹಾಕಿ. ಲೋಳೆ ಹಳದಿಯಿಂದ ಕೇಸರಿಯತ್ತ ವಾಲಬೇಕೆಂದರೆ ಬೀಜ ತೆಗೆದ ಬ್ಯಾಡಗಿ ಮೆಣಸಿನಕಾಯಿಯ ಸಿಪ್ಪೆ ಪುಡಿ 50 ಗ್ರಾಂ ಸೇರಿಸಬಹುದು. ಹಕ್ಕಿಗೆ ಖಾರ ತಿಳಿಯುವುದಿಲ್ಲ, ಬೆರೆಸುವವರಿಗೆ ಚೆನ್ನಾಗಿಯೇ ತಿಳಿಯುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ.

ಅರಿಶಿನವನ್ನು ಹಲವರು ಲೋಳೆಯ ಬಣ್ಣಕ್ಕೆಂದು ಹಾಕುತ್ತಾರೆ. ಅದು ಆ ಕೆಲಸದ ಆಳಲ್ಲ. ಅರಿಶಿನದ ಕರ್ಕ್ಯುಮಿನ್ ಕರುಳಿನಲ್ಲಿ ಸರಿಯಾಗಿ ಹೀರಿಕೆಯಾಗುವುದೇ ಇಲ್ಲ, ಲೋಳೆಯವರೆಗೆ ಹೋಗುವುದು ಇನ್ನೂ ಕಡಿಮೆ. ಅದರ ಉಪಯೋಗ ಬೇರೆ: ಕರುಳಿನ ಆರೋಗ್ಯಕ್ಕೆ, ಬೇಸಿಗೆಯ ಒತ್ತಡದಲ್ಲಿ ಜೀವಕೋಶ ಹಾಳಾಗುವುದನ್ನು ತಡೆಯಲಿಕ್ಕೆ. ಪ್ರಮಾಣ ಶೇ 0.5, ಎಂದರೆ 25 ಕಿಲೋಗೆ 125 ಗ್ರಾಂ. ರಾಯಬಾಗ, ಗೋಕಾಕ, ತೇರದಾಳದ ಕಡೆ ಬೆಳೆದು ಸಾಂಗ್ಲಿ ಪೇಟೆಗೆ ಹೋಗುವ ಅರಿಶಿನವನ್ನು ಕೊಂಬಿನಲ್ಲೇ ಕೊಂಡು ಗಿರಣಿಯಲ್ಲಿ ಬೀಸಿಸಿ. ಬಿಡಿಯಾಗಿ ಸಿಗುವ ಕಣ್ಣು ಕುಕ್ಕುವ ಹಳದಿ ಪುಡಿಯಲ್ಲಿ ಸೀಸದ ಬಣ್ಣ ಬೆರೆಸಿದ ಪ್ರಕರಣಗಳಿವೆ. ಅದು ಹಕ್ಕಿಗೂ ವಿಷ, ಮೊಟ್ಟೆ ತಿನ್ನುವವರಿಗೂ ವಿಷ.

ಬೆಳ್ಳುಳ್ಳಿಯ ಗುಣವಿರುವುದು ಜಜ್ಜಿದಾಗ ಹುಟ್ಟುವ ಅಲಿಸಿನ್‌ನಲ್ಲಿ. ಹುರಿದರೆ, ಬಿಸಿಲಿಗಿಟ್ಟರೆ ಅದು ಉಳಿಯುವುದಿಲ್ಲ. ತೆಳುವಾಗಿ ಹೆಚ್ಚಿ ನೆರಳಿನಲ್ಲಿ ಒಣಗಿಸಿದ ಪುಡಿ 25 ಕಿಲೋಗೆ 125 ಗ್ರಾಂ ಸಾಕು. ಹಸಿಯದನ್ನೇ ಜಜ್ಜಿ ಕೊಡುವುದಾದರೆ 100 ಹಕ್ಕಿಯ ಒಂದು ದಿನದ ಆಹಾರಕ್ಕೆ 25 ಗ್ರಾಂ, ಅದೂ ಆ ದಿನಕ್ಕೆ ಮಾತ್ರ. ಕೈ ಮೀರಿ ಹಾಕಿದರೆ ಮೊಟ್ಟೆಗೆ ವಾಸನೆ ಅಂಟುತ್ತದೆ, ಗಿರಾಕಿ ಮತ್ತೆ ಬರುವುದಿಲ್ಲ.

ಮೆಂತ್ಯ, ಅಜವಾನ, ಕಲೋಂಜಿ ಶೇ 0.5ರಷ್ಟು ನಡೆಯುತ್ತವೆ. ಮೆಂತ್ಯದ ಕಹಿ ಹೆಚ್ಚಾದರೆ ಹಕ್ಕಿ ತಟ್ಟೆ ಬಿಟ್ಟು ನಿಲ್ಲುತ್ತದೆ.

ಬೇಸಿಗೆಯ ಲೆಕ್ಕ ಬೇರೆ

ಮಾರ್ಚ್ ಕೊನೆಯಿಂದ ಮೇ ತನಕ ವಿಜಯಪುರದಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಹಕ್ಕಿಗೆ ಬೆವರಿನ ಗ್ರಂಥಿ ಇಲ್ಲ, ಬಾಯಿ ತೆರೆದು ಏದುಸಿರು ಬಿಡುತ್ತದೆ. ಆ ಉಸಿರಿನೊಡನೆ ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಹೊರಹೋಗಿ, ರಕ್ತದಲ್ಲಿ ಚಿಪ್ಪು ಕಟ್ಟಲು ಬೇಕಾದ ಕಾರ್ಬೊನೇಟ್ ಸಾಲದಾಗುತ್ತದೆ. ಬೇಸಿಗೆಯಲ್ಲಿ ಕ್ಯಾಲ್ಸಿಯಂ ಎಷ್ಟು ಸುರಿದರೂ ಚಿಪ್ಪು ತೆಳುವಾಗುವುದು ಇದೇ ಕಾರಣಕ್ಕೆ. ಮೊದಲು ಸೂರಿನ ಮೇಲೆ ಸೋಗೆ ಅಥವಾ ಕಬ್ಬಿನ ರವದಿ ಹೊದಿಸಿ, ಆಹಾರವನ್ನು ಬೆಳಗಿನ ತಂಪಿನಲ್ಲಿ ಮತ್ತು ಸಂಜೆ ಕೊಡಿ. ಆಮೇಲೆ ಮೂಲಿಕೆ: ಒಣ ನೆಲ್ಲಿಕಾಯಿ ಪುಡಿ ಶೇ 0.5, ಇಲ್ಲವೇ ಐದು ಲೀಟರ್ ನೀರಿಗೆ ಎರಡು ಇಂಡಿ ನಿಂಬೆಯ ರಸ. ಹಕ್ಕಿ ಸಿ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆಯಾದರೂ ಉರಿ ಬಿಸಿಲಿನಲ್ಲಿ ಅದು ಸಾಲುವುದಿಲ್ಲ. ನಿಂಬೆ ನೀರನ್ನು ಪ್ಲಾಸ್ಟಿಕ್ ಪಾತ್ರೆಯಲ್ಲೇ ಇಡಿ, ಮಧ್ಯಾಹ್ನಕ್ಕೆ ಚೆಲ್ಲಿ ಬರೀ ನೀರು ತುಂಬಿ. ತಗಡಿನ ಪಾತ್ರೆಯಲ್ಲಿ ಹುಳಿ ಬಿದ್ದರೆ ಸತು ಕರಗುತ್ತದೆ.

ಬೆರೆಸುವುದರಲ್ಲೇ ಅರ್ಧ ಕೆಲಸ

125 ಗ್ರಾಂ ಪುಡಿಯನ್ನು 25 ಕಿಲೋ ರಾಶಿಯ ಮೇಲೆ ಉದುರಿಸಿ ಸಲಿಕೆಯಾಡಿಸಿದರೆ ಒಂದು ಮೂಲೆಗೆ ಎಲ್ಲ, ಇನ್ನೊಂದಕ್ಕೆ ಏನೂ ಇಲ್ಲ. ತಾಡಪತ್ರಿ ಹಾಸಿ. ಮೂಲಿಕೆ, ಉಪ್ಪು, ವಿಟಮಿನ್ ಪುಡಿಗಳನ್ನು ಮೊದಲು ಒಂದು ಕಿಲೋ ಜೋಳದ ನುಚ್ಚಿನೊಡನೆ ಬೋಗುಣಿಯಲ್ಲಿ ಕಲಸಿ. ಅದನ್ನು ಐದು ಕಿಲೋಗೆ ಸೇರಿಸಿ ಮತ್ತೆ ಕಲಸಿ. ಕೊನೆಗೆ ಪೂರ್ತಿ ರಾಶಿಗೆ. ತಾಡಪತ್ರಿಯ ಎದುರುಬದುರು ಮೂಲೆ ಹಿಡಿದು ಹೊರಳಿಸಿದರೆ ಸಲಿಕೆಗಿಂತ ಚೆನ್ನಾಗಿ ಬೆರೆಯುತ್ತದೆ.

ಇನ್ನು ಕೌಜುಗದ ಚಾಳಿ. ಅದು ದಪ್ಪ ಕಣವನ್ನೇ ಹೆಕ್ಕಿ ತಿನ್ನುತ್ತದೆ, ಕೊಕ್ಕಿನಿಂದ ಎರಚುತ್ತದೆ. ಸಂಜೆ ತಟ್ಟೆಯ ತಳಕ್ಕೆ ಬೆರಳಾಡಿಸಿ ನೋಡಿ. ಹಸಿರು ಹಳದಿ ದೂಳು ಅಂಟಿದರೆ ನಿಮ್ಮ ಮೂಲಿಕೆಯೆಲ್ಲ ಅಲ್ಲೇ ಉಳಿದಿದೆ, ಹಕ್ಕಿಯ ಹೊಟ್ಟೆಗೆ ಹೋಗಿಲ್ಲ. ಜೋಳವನ್ನು ಇನ್ನಷ್ಟು ಸಣ್ಣಗೆ, ಸಾಸಿವೆಕಾಳಿನ ಗಾತ್ರಕ್ಕೆ ಒಡೆಸಿ. 25 ಕಿಲೋಗೆ 200 ಮಿಲಿಲೀಟರ್ ಅಡುಗೆ ಎಣ್ಣೆ ಚಿಮುಕಿಸಿದರೆ ಪುಡಿ ಕಾಳಿಗೆ ಅಂಟಿಕೊಳ್ಳುತ್ತದೆ. ಬಜಿ ಕರಿದು ಉಳಿದ ಎಣ್ಣೆ ಬೇಡ.

ಹೊಸ ಮಿಶ್ರಣವನ್ನು ಒಮ್ಮೆಲೇ ಕೊಡಬೇಡಿ. ಮೊದಲ ಎರಡು ದಿನ ಕಾಲುಭಾಗ, ನಂತರ ಅರ್ಧ, ಒಂದು ವಾರಕ್ಕೆ ಪೂರ್ತಿ. ತಿನಿಸು ಏಕಾಏಕಿ ಬದಲಾದರೆ ಕೌಜುಗ ಮೊಟ್ಟೆ ನಿಲ್ಲಿಸುತ್ತದೆ.

ಪಕ್ಕದ ಪಂಜರದೊಂದಿಗೆ ಹೋಲಿಸಿ

ಬೆಳಕಿನ ಸಮಯ, ಹಕ್ಕಿಯ ವಯಸ್ಸು, ಹವೆ ಇವೆಲ್ಲ ಮೊಟ್ಟೆಯನ್ನು ಏರಿಳಿಸುತ್ತವೆ. ಏರಿದ್ದು ಮೂಲಿಕೆಯಿಂದಲೇ ಎಂದು ಹೇಗೆ ಹೇಳುವಿರಿ? ಒಂದೇ ದಿನ ಮರಿಯಾದ ಹಕ್ಕಿಗಳಲ್ಲಿ 20 ಒಂದು ಪಂಜರಕ್ಕೆ, 20 ಇನ್ನೊಂದಕ್ಕೆ ಹಾಕಿ. ಎರಡಕ್ಕೂ ದಿನಕ್ಕೆ 16 ತಾಸು ಬೆಳಕು, ಒಂದೇ ನೀರು, ಒಂದೇ ಮೂಲ ಆಹಾರ. ಮೂಲಿಕೆ ಒಂದಕ್ಕೆ ಮಾತ್ರ. ಮೊದಲ ವಾರ ಲೆಕ್ಕಕ್ಕಿಲ್ಲ, ನಂತರದ ನಾಲ್ಕು ವಾರ ಬರೆದಿಡಿ. ಕೌಜುಗ ಹೆಚ್ಚಾಗಿ ಮಧ್ಯಾಹ್ನ ಮೂರರಿಂದ ಕತ್ತಲಾಗುವವರೆಗೆ ಮೊಟ್ಟೆ ಇಡುವುದರಿಂದ ಎಣಿಕೆ ಪ್ರತಿದಿನ ರಾತ್ರಿ ಒಂದೇ ಹೊತ್ತಿಗೆ ಆಗಲಿ. ವಾರಕ್ಕೊಮ್ಮೆ ಎರಡೂ ಪಂಜರದ ಹತ್ತು ಹತ್ತು ಮೊಟ್ಟೆಗಳನ್ನು ಒಟ್ಟಿಗೆ ತೂಗಿ, ಬಿರುಕು ಬಿಟ್ಟವನ್ನು ಎಣಿಸಿ, ಎರಡನ್ನು ಬಿಳಿ ತಟ್ಟೆಗೆ ಒಡೆದು ಲೋಳೆಯನ್ನು ಹಗಲು ಬೆಳಕಿನಲ್ಲಿ ಪಕ್ಕಪಕ್ಕ ನೋಡಿ. ಲೋಳೆ ಬೆಳೆಯಲು ಒಂದು ವಾರ ಹಿಡಿಯುವುದರಿಂದ ಬಣ್ಣದ ಫಲ ಹತ್ತು ದಿನಕ್ಕೆ ಕಾಣುತ್ತದೆ. ಮೂಲಿಕೆಯ ಖರ್ಚನ್ನು ಹೆಚ್ಚುವರಿಯಾಗಿ ಸಿಕ್ಕ ಮೊಟ್ಟೆಯ ಬೆಲೆಯೊಡನೆ ತಾಳೆ ನೋಡಿ. ವ್ಯತ್ಯಾಸ ಕಾಣದಿದ್ದರೆ ಆ ಪುಡಿಯನ್ನು ಬಿಟ್ಟುಬಿಡಿ, ಅದು ಎಷ್ಟೇ ಹೆಸರುವಾಸಿಯಾಗಿರಲಿ.

ಇವು ಬೇಡ

ಬೇವಿನ ಸೊಪ್ಪು ನಮ್ಮಲ್ಲಿ ಸರ್ವರೋಗಕ್ಕೂ ಮದ್ದು. ಮೊಟ್ಟೆ ಹಕ್ಕಿಗೆ ಮಾತ್ರ ದಿನನಿತ್ಯ ಕೊಡಬೇಡಿ: ತಿನ್ನುವುದೂ ಕಡಿಮೆಯಾಗುತ್ತದೆ, ಸಂತಾನಶಕ್ತಿಗೂ ಪೆಟ್ಟು ಬೀಳುತ್ತದೆ. ಪಪ್ಪಾಯಿ ಬೀಜವೂ ಅಂಥದ್ದೇ. ಔಡಲ ಹಿಂಡಿ ನೇರ ವಿಷ. ಹೇನಿಗೆಂದು ನಿಪ್ಪಾಣಿ ತಂಬಾಕಿನ ಪುಡಿಯನ್ನು ಪಂಜರದಲ್ಲಿ ಉದುರಿಸುವ ರೂಢಿಯೂ ಇದೆ. ಆಹಾರದ ತಟ್ಟೆಗೆ ಒಂದು ಚಿಟಿಕೆ ಬಿದ್ದರೂ ಇಷ್ಟು ಸಣ್ಣ ಹಕ್ಕಿಗೆ ನಿಕೋಟಿನ್ ಅಪಾಯ.

ಮೂಲಿಕೆ ಕಾಯಿಲೆಗೆ ಮದ್ದಲ್ಲ. ಹಿಕ್ಕೆಯಲ್ಲಿ ರಕ್ತ ಕಂಡರೆ, ಹಕ್ಕಿಗಳು ಗರಿ ಉಬ್ಬಿಸಿ ಮುದುಡಿ ಕೂತರೆ, ಒಂದೇ ದಿನ ಎರಡು ಮೂರು ಸತ್ತರೆ ಬೆಳ್ಳುಳ್ಳಿ ಹೆಚ್ಚಿಸುತ್ತ ಕೂರಬೇಡಿ. ಅದೇ ದಿನ ಸತ್ತ ಹಕ್ಕಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆ ತುಂಬಿದ ಡಬ್ಬಿಯಲ್ಲಿಟ್ಟು ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಿರಿ. ಕೊಡುತ್ತಿದ್ದ ಮಿಶ್ರಣದ ಒಂದು ಹಿಡಿಯೂ ಜತೆಗಿರಲಿ, ಕೊಳೆತ ಹಕ್ಕಿಯಿಂದ ವೈದ್ಯರು ಏನನ್ನೂ ಹೇಳಲಾರರು.