ವಾಪಸ್ ತಾರೀಖು ಬಿಟ್ಟುಬಿಟ್ಟೆ: ನುನಾವುಟ್ ವರದಿಗಾರಿಕೆಯಲ್ಲಿ ನನ್ನ ಅನುಭವ

ಎರಡು ದಿನ, ಒಂದು ಸ್ಟೋರಿ, ವಾಪಸ್. ದಕ್ಷಿಣ ಕೆನಡಾದಲ್ಲಿ ಕೂತ ಸಂಪಾದಕರ ಲೆಕ್ಕ ಇಷ್ಟೇ. ಕೆನಡಾದ ಉತ್ತರ ತುದಿಯ ನುನಾವುಟ್ ಪ್ರಾಂತ್ಯದಲ್ಲಿ ಇದು ನಡೆಯಲ್ಲ, ಒಂದೇ ಊರಲ್ಲಿ ಎರಡು ವಾರ ಕೂರುತ್ತೇನೆ ಅಂದಾಗ ಎಲ್ಲರೂ ನಕ್ಕರು. ದುಡ್ಡು ನೀರಿಗೆ ಅಂದರು. ಈಗ ಅವರೇ ಫೋನ್ ಮಾಡಿ ಕೇಳುತ್ತಾರೆ.

ಇಲ್ಲಿ 25 ಊರುಗಳು. ಒಂದರಿಂದ ಇನ್ನೊಂದಕ್ಕೆ ರಸ್ತೆ ಇಲ್ಲ. ಬೇಸಿಗೆಯಲ್ಲಿ ಹಡಗು ಬರುತ್ತದೆ, ಅದು ಸಾಮಾನಿಗೆ. ನಮಗೆ ವಿಮಾನವೇ ಗತಿ, ವಿಮಾನಕ್ಕೆ ಹವಾಮಾನವೇ ಯಜಮಾನ.

ಹಳೇ ಪದ್ಧತಿಯಲ್ಲಿ ನಾನು ಕಳೆದುಕೊಂಡದ್ದು ಜಾಸ್ತಿ ಪ್ಯಾಂಗ್‌ನಿರ್ಟಂಗ್ ಅನ್ನೋ ಊರಿನ ದಾರಿಯಲ್ಲಿ. ಅಲ್ಲಿ ಜಲ್ಲಿಕಲ್ಲಿನ ರನ್‌ವೇ ಊರಿನ ನಡುವೆಯೇ ಇದೆ, ಸುತ್ತ ಕಡಿದಾದ ಬೆಟ್ಟ. ಗಾಳಿ ಕೆಟ್ಟರೆ ಇಳಿಯುವಂತಿಲ್ಲ. ಒಂದು ಸಲ ಕೆಳಗೆ ಮನೆಗಳು ಕಾಣುವಷ್ಟು ಹತ್ತಿರ ಹೋಗಿ ರಾಜಧಾನಿ ಇಕಾಲುಯಿಟ್‌ಗೆ ವಾಪಸ್ ಬಂದೆವು. ಮರುದಿನವೂ ಅದೇ. ಮೂರನೇ ದಿನ ನಾನು ವರದಿ ಮಾಡಬೇಕಿದ್ದ ಸಭೆಯೇ ಮುಗಿದಿತ್ತು. ಕಾಯುವ ದಿನಗಳ ಹೋಟೆಲ್ ಬಿಲ್ ನನ್ನ ತಲೆಗೆ. ಹವಾಮಾನ ಕೆಟ್ಟರೆ ವಿಮಾನದವರು ಪೈಸೆ ಕೊಡಲ್ಲ, ಅಲ್ವಾ?

ಆಮೇಲೆ ಪಾಂಡ್ ಇನ್‌ಲೆಟ್ ಅನ್ನೋ ಇನ್ನೊಂದು ಊರಿಗೆ ಹೊಸ ಪದ್ಧತಿಯಲ್ಲಿ, ವಾಪಸ್ ತಾರೀಖು ಗಟ್ಟಿ ಮಾಡದೆ ಹೋದೆ. ತಾರೀಖು ಬದಲಿಸಬಹುದಾದ ಟಿಕೆಟ್, ಸುಮಾರು 2,500 ಡಾಲರ್. ಹೋಟೆಲ್ ರಾತ್ರಿಗೆ ತಲೆಗೆ 280ರ ಹತ್ತಿರ, ಅದೂ ಗುರುತಿಲ್ಲದವರ ಜೊತೆ ಒಂದೇ ಕೋಣೆ. ನಾಲ್ಕೈದು ರಾತ್ರಿ ಆದಮೇಲೆ ಒಂದು ಮನೆಯಲ್ಲಿ ಅರ್ಧಕ್ಕಿಂತ ಕಡಿಮೆಗೆ ಜಾಗ ಸಿಕ್ಕಿತು. ಆ ಮನೆ ಹುಡುಕಿದ್ದು ಹೇಗೆ ಅನ್ನೋದು ನನ್ನ ಹತ್ತಿರವೇ ಇರಲಿ. ಜನರನ್ನು ಹುಡುಕಿದ್ದು ಮಾತ್ರ ಊರಿನ ರೇಡಿಯೊದಿಂದ. ಅಲ್ಲಿನ ಇನುಯಿಟ್ ಜನರ ಭಾಷೆ ಇನುಕ್ಟಿಟುಟ್‌ನಲ್ಲಿ ಯಾರೋ ನನ್ನ ಬಗ್ಗೆ ಎರಡು ಮಾತು ಹೇಳಿದರು. ಸಂಜೆಗೆ ಬೇಟೆಗಾರರೇ ಬಂದರು.

ಸ್ಟೋರಿ ಮೇರಿ ರಿವರ್ ಕಬ್ಬಿಣದ ಗಣಿಯದು. ಊರಿಂದ ಗಣಿಗೆ ಸುಮಾರು 160 ಕಿ.ಮೀ. ಅದಿರು ಹಡಗುಗಳ ಸದ್ದಿಗೆ ನಾರ್ವಾಲ್ ತಿಮಿಂಗಿಲಗಳು ದೂರ ಸರಿಯುತ್ತಿವೆ, ಹಿಮದ ಮೇಲೆ ಕೆಂಪು ಧೂಳು ಕೂರುತ್ತಿದೆ ಅನ್ನೋದು ಜನರ ದೂರು. ಬಳ್ಳಾರಿಯ ಧೂಳು ಕುಡಿದು ಬಂದ ನನಗೆ ಇದರಲ್ಲಿ ಏನು ಕೇಳಬೇಕು ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಅದಿರನ್ನು ವರ್ಷಕ್ಕೆ 1.2 ಕೋಟಿ ಟನ್‌ಗೆ ಏರಿಸುವ ಯೋಜನೆಯನ್ನು ಒಟ್ಟಾವಾದ ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ತಿರಸ್ಕರಿಸಿತು. ಆಗ ಎಲ್ಲರೂ ಬರೆದರು. ಅದಾದ ಮೇಲೆ ಊರಲ್ಲಿ ಏನಾಯಿತು ಅಂತ ಕೂತು ಕೇಳಿದವರು ಕಡಿಮೆ. ಗಣಿ ಕೆಲಸಕ್ಕೆ ಹೋಗುವವನೂ ಬೇಟೆಗೆ ಹೋಗುವವನೂ ಒಂದೇ ಮನೆಯಲ್ಲಿ ಇರುತ್ತಾರೆ. ಆ ಜಗಳ ಎರಡು ದಿನಕ್ಕೆ ಬಾಯಿಗೆ ಬರಲ್ಲ.

ನಡುವೆ ಹಿಮಗಾಳಿ ಎದ್ದು ವಿಮಾನಗಳು ನಿಂತವು. ಮೊದಲಾದರೆ ನಷ್ಟ. ಈ ಸಲ ಅಂಗಡಿಯ ಬೆಲೆಗಳ ಮೇಲೆ ಒಂದು ಸ್ಟೋರಿ, ವಿಮಾನಕ್ಕೆ ಕಾಯುವ ರೋಗಿಗಳ ಮೇಲೆ ಇನ್ನೊಂದು.

ಪಕ್ಕದಲ್ಲಿ ಸಣ್ಣ ಪ್ರಯೋಗಗಳೂ ನಡೆದವು. ಮೈನಸ್ 35ರಲ್ಲಿ ಫೋನಿಗೆ ಕೈ ಬಿಸಿ ಮಾಡುವ ಪೊಟ್ಟಣ ಕಟ್ಟಿದೆ. ದಂಡ, ಟೇಪೇ ಬಿಟ್ಟುಕೊಂಡಿತು. ಬ್ಯಾಟರಿ ಒಳ ಅಂಗಿಯ ಜೇಬಲ್ಲಿಟ್ಟದ್ದೇ ಸರಿ. ಪೆನ್ನು ಬಿಟ್ಟು ಪೆನ್ಸಿಲ್. ಕ್ಯಾಮೆರಾವನ್ನು ಹೊರಗೇ ಜಿಪ್ ಚೀಲಕ್ಕೆ ಹಾಕಿ ಆಮೇಲೆ ಒಳಗೆ ತರಬೇಕು, ಇಲ್ಲದಿದ್ದರೆ ಒಳಗಿನ ಬಿಸಿಗೆ ತೇವ ಕಟ್ಟುತ್ತದೆ. ಚಟ್ನಿಪುಡಿ ಕೊಟ್ಟು ಚಾರ್ ಮೀನು ಪಡೆದದ್ದು ನನ್ನ ಅತ್ಯುತ್ತಮ ವ್ಯಾಪಾರ.

ಒಟ್ಟು ಖರ್ಚು 5,000 ಡಾಲರ್ ಆಸುಪಾಸು. ಆರೇಳು ಸ್ಟೋರಿ, ಮೂರು ಪತ್ರಿಕೆಗೆ ಹಂಚಿ, ಕೈಗೆ 7,000 ಚಿಲ್ಲರೆ ಬಂತು. ಮುಂದಿನ ಊರು ಗ್ರೀಸ್ ಫಿಯರ್ಡ್. ಅಲ್ಲಿಗೆ ರೆಸೊಲ್ಯೂಟ್ ಊರಿಂದ ಸಣ್ಣ ಟ್ವಿನ್ ಆಟರ್ ವಿಮಾನ ಹೋಗುತ್ತದೆ. ಟಿಕೆಟ್‌ಗೆ ಇನ್ನೂ ಜಾಸ್ತಿ. ಅದಕ್ಕೆ ನಾಲ್ಕನೇ ಪತ್ರಿಕೆ ಹುಡುಕುತ್ತಿದ್ದೇನೆ.