ಟಿಫಿನ್ ಎಷ್ಟು ಗಂಟೆಗೆ?

ಮಾಟುಂಗಾದ ಮನೆಯಲ್ಲಿ ಕೂತು ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಒಮ್ಮೆ 1860ರ ಸುಮಾರಿಗೆ ಮುಂಬೈಯಲ್ಲಿದ್ದ ಇಂಗ್ಲಿಷ್ ಹೆಂಗಸೊಬ್ಬಳ ಪತ್ರಗಳು ಕೈಗೆ ಬಂದವು. ಎರಡು ಗಂಟೆಗೆ ‘ಟಿಫಿನ್’ ಮುಗಿಸಿ ಮಲಗಿದೆ ಅಂತ ಒಂದು ಕಡೆ ಬರೆದಿದ್ದಳು. ನಾನು ಹಿಂದೆಮುಂದೆ ನೋಡದೆ ‘ತಿಂಡಿ ತಿಂದು ಮಲಗಿದೆ’ ಅಂತ ಮಾಡಿದೆ. ಧಾರವಾಡದಿಂದ ಬಂದಿದ್ದ ಅತ್ತೆ ಅದನ್ನು ಓದಿ, “ಎರಡಕ್ಕ ತಿಂಡಿ ತಿಂದ್ರ ಆಕಿ ಊಟ ಯಾವಾಗ ಮಾಡ್ತಿದ್ಲು?” ಎಂದು ಕೇಳಿದರು. ನನ್ನಲ್ಲಿ ಉತ್ತರ ಇರಲಿಲ್ಲ.

ಅಲ್ಲಿಯವರೆಗೆ ಟಿಫಿನ್ ನಮ್ಮ ‘ತಿನ್ನು’ವಿನಿಂದಲೇ ಹುಟ್ಟಿದ್ದು ಅಂತ ನಂಬಿದ್ದೆ. ಕೇಳಲು ಎಷ್ಟು ಹತ್ತಿರ, ಅಲ್ವಾ? ಆದರೆ ಫೋರ್ಟಿನ ಟೌನ್ ಹಾಲ್ ಮೆಟ್ಟಿಲು ಹತ್ತಿ ಏಷ್ಯಾಟಿಕ್ ಸೊಸೈಟಿ ಗ್ರಂಥಾಲಯದಲ್ಲಿ ಹಳೆಯ ನಿಘಂಟುಗಳನ್ನು ತಿರುವಿದಾಗ ಕಥೆಯೇ ಬೇರೆ ಇತ್ತು. 1785ರಲ್ಲಿ ಫ್ರಾನ್ಸಿಸ್ ಗ್ರೋಸ್ ಮಾಡಿದ ಇಂಗ್ಲಿಷ್ ಬೀದಿಮಾತಿನ ನಿಘಂಟಿನಲ್ಲಿ ‘ಟಿಫಿಂಗ್’ ಇದೆ. ಹೊತ್ತಲ್ಲದ ಹೊತ್ತಿನಲ್ಲಿ ತಿನ್ನುವುದು, ಕುಡಿಯುವುದು ಅಂತ ಅರ್ಥ. ಭಾರತದಲ್ಲಿದ್ದ ಇಂಗ್ಲಿಷರ ಮಾತಿನ ನಿಘಂಟಾದ 1886ರ ‘ಹಾಬ್ಸನ್-ಜಾಬ್ಸನ್’ ತೆಗೆದರೆ ಟಿಫಿನ್ ಅಂದರೆ ಮಧ್ಯಾಹ್ನದ ಊಟ. ಇಂಗ್ಲಿಷರ ‘ಡಿನ್ನರ್’ ಮಧ್ಯಾಹ್ನದಿಂದ ಸಂಜೆಗೆ ಸರಿದಿತ್ತು. ನಡುವೆ ಹಸಿವು ತಡೆಯಲು ಒಂದು ಸಣ್ಣ ಊಟ ಬೇಕಾಯಿತು. ಆ ಖಾಲಿ ಜಾಗದಲ್ಲಿ ಟಿಫಿನ್ ಬಂದು ಕೂತಿತು. ಅತ್ತೆಯ ಪ್ರಶ್ನೆಗೆ ಉತ್ತರ ಸಿಕ್ಕಿತ್ತು: ಆಕೆಯ ದೊಡ್ಡ ಊಟ ಸಂಜೆಗೆ.

ಆಮೇಲೆ ಚೀಟಿ ಮಾಡಲು ಶುರು ಮಾಡಿದೆ. ಟಿಫಿನ್ ಕಂಡಲ್ಲೆಲ್ಲ ಆ ವಾಕ್ಯ, ವರ್ಷ, ಗಂಟೆ, ತಿಂದವರು ಯಾರು, ತಟ್ಟೆಯಲ್ಲಿ ಏನಿತ್ತು. ಗಂಟೆಯನ್ನು ಮಾತ್ರ ಕೆಂಪು ಪೆನ್ನಿನಲ್ಲಿ. ಚೀಟಿಗಳನ್ನು ನೆಲದ ಮೇಲೆ ಹರಡಿದಾಗ ಪದ ಗಡಿಯಾರದ ಮೇಲೆ ಓಡಾಡುವುದು ಕಣ್ಣಿಗೇ ಕಂಡಿತು. ದೊರೆಗಳ ಮನೆಯಲ್ಲಿ ಮಧ್ಯಾಹ್ನ ಎರಡು. ಬೆಂಗಳೂರಿನಲ್ಲಿ “ಟಿಫಿನ್ ಆಯ್ತಾ?” ಅಂದರೆ ಬೆಳಿಗ್ಗೆ ಒಂಬತ್ತು. ನಮ್ಮ ಕಿಂಗ್ಸ್ ಸರ್ಕಲ್ಲಿನ ಉಡುಪಿ ಹೋಟೆಲುಗಳಲ್ಲಿ ಸಂಜೆ ಐದಕ್ಕೂ ಇಡ್ಲಿ ದೋಸೆಯ ಟಿಫಿನ್ನೇ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ಮುಂಬೈನ ಚೀಟಿ. ಡಬ್ಬಾವಾಲಾಗಳು 1890ರಿಂದ ಮನೆಯೂಟ ಹೊರುತ್ತಿರುವ ಊರಿದು. ಇಲ್ಲಿ ಊಟದ ಹೆಸರು ಊಟ ಹೊರುವ ಪಾತ್ರೆಗೇ ಅಂಟಿಕೊಂಡಿದೆ. ಟಿಫಿನ್ ಕ್ಯಾರಿಯರ್‌ನಲ್ಲಿ ಕ್ಯಾರಿಯರ್ ಉದುರಿ ಟಿಫಿನ್ ಉಳಿಯಿತು. ಪಕ್ಕದ ಮನೆಯ ಹುಡುಗಿ ಶಾಲೆಯಿಂದ ಬಂದ ಕೂಡಲೇ ಅವಳಮ್ಮ, “ಟಿಫಿನ್ ತೊಳೆಯೋಕೆ ಹಾಕು” ಎಂದು ಕೂಗುತ್ತಾರೆ. ಅದನ್ನೂ ಬರೆದಿಟ್ಟೆ. ಗಂಟೆಯ ಜಾಗ ಖಾಲಿ ಬಿಟ್ಟೆ.

ಪತ್ರದ ಆ ಸಾಲನ್ನು ಮೂರು ಸಲ ತಿದ್ದಿದೆ. ‘ಊಟ’ ಅಂದರೆ ದೊಡ್ಡದಾಯಿತು, ‘ಉಪಾಹಾರ’ ಅಂದರೆ ಬೆಳಗಾಯಿತು. ಕೊನೆಗೆ ‘ಎರಡು ಗಂಟೆಗೆ ನಡುಹೊತ್ತಿನ ಸಣ್ಣ ಊಟ ಮುಗಿಸಿ ಮಲಗಿದೆ’ ಅಂತ ಇಟ್ಟೆ. ಅತ್ತೆಗೆ ಫೋನಿನಲ್ಲಿ ಓದಿ ಹೇಳಿದೆ. “ಹಂಗಾರ ರಾತ್ರಿ ಊಟ ಅದ ಆಕಿಗೆ” ಎಂದರು.