ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತಿದ್ದರೆ ಹುಡುಕಬೇಕಾದದ್ದು ಎಲ್ಲಿ?

ಮನೆಯ ನಲ್ಲಿಯಲ್ಲಿ ನೀರು ಸಣ್ಣಗೆ ಬರತೊಡಗಿದರೆ ಹಲವರು ಒಡನೆಯೇ ಪ್ರೆಷರ್ ಪಂಪಿನ ಬೆಲೆ ವಿಚಾರಿಸುತ್ತಾರೆ, ಇಲ್ಲವೇ ಹೊಸ ನಲ್ಲಿ ಕೊಂಡುತರುತ್ತಾರೆ. ಇವೆರಡೂ ಕೊನೆಗೆ ಯೋಚಿಸಬೇಕಾದವು. ಮೇಲಿನ ಟ್ಯಾಂಕಿನಿಂದ ನಲ್ಲಿಯ ಬಾಯಿಯವರೆಗೆ ನೀರು ಹಾದುಬರುವ ದಾರಿಯಲ್ಲಿ ಎಲ್ಲೋ ಒಂದು ಕಡೆ ಅಡ್ಡಿಯಿರುತ್ತದೆ, ಮತ್ತು ಆ ಜಾಗ ಯಾವುದೆಂದು ತಿಳಿಯುವವರೆಗೆ ಮಾಡುವ ಖರ್ಚೆಲ್ಲ ಊಹೆಯ ಮೇಲೆ ಮಾಡಿದ ಖರ್ಚು. ನಲ್ಲಿಯ ತುದಿಯಿಂದ ಆರಂಭಿಸಿ ಟ್ಯಾಂಕಿನ ಕಡೆಗೆ ಹಿಂದಕ್ಕೆ ಹುಡುಕುತ್ತ ಹೋಗುವುದು ಒಳ್ಳೆಯ ಕ್ರಮ. ಸುಲಭವಾಗಿ ಬಿಚ್ಚಬಹುದಾದ ಭಾಗಗಳು ಇರುವುದೂ ಅಲ್ಲೇ, ಕಸ ಹೆಚ್ಚಾಗಿ ಸಿಕ್ಕಿಕೊಳ್ಳುವುದೂ ಅಲ್ಲೇ.

ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಮನೆಯ ಎಲ್ಲ ನಲ್ಲಿಗಳನ್ನೂ ಒಂದೊಂದಾಗಿ ತೆರೆದು ನೋಡಬೇಕು. ಒಂದೇ ನಲ್ಲಿಯಲ್ಲಿ ಹರಿವು ಕಡಿಮೆಯಾಗಿದ್ದರೆ ದೋಷ ಆ ನಲ್ಲಿಯಲ್ಲೋ ಅದರ ಕೆಳಗೆ ಗೋಡೆಯ ಕೊಳವೆಗೆ ಕೂರಿಸಿರುವ ಸಣ್ಣ ವಾಲ್ವಾದ ಆಂಗಲ್ ಕಾಕ್‌ನಲ್ಲೋ ಇದೆ. ಒಂದು ಬಚ್ಚಲುಮನೆಯ ಎಲ್ಲ ನಲ್ಲಿಗಳೂ ಮಂದವಾಗಿದ್ದರೆ ಆ ಕಡೆಗೆ ಹೋಗುವ ಕೊಳವೆಯ ವಾಲ್ವನ್ನು ಸಂಶಯಿಸಬೇಕು. ಇಡೀ ಮನೆಯಲ್ಲಿ ಹಾಗಿದ್ದರೆ ಟ್ಯಾಂಕಿನ ಬಳಿಗೇ ಹೋಗಬೇಕು. ಬಿಸಿನೀರು ಮಾತ್ರ ಸಣ್ಣಗೆ ಬರುತ್ತಿದ್ದರೆ ಗೀಸರ್ ಅಥವಾ ಸೋಲಾರ್ ಕಡೆಯ ತೊಂದರೆ. ಇನ್ನೊಂದು ಲಕ್ಷಣವನ್ನು ಗಮನಿಸುವವರು ಕಡಿಮೆ: ನಲ್ಲಿ ತೆರೆದ ಕ್ಷಣದಲ್ಲಿ ನೀರು ರಭಸದಿಂದ ಚಿಮ್ಮಿ, ಮರುಗಳಿಗೆಯಲ್ಲಿ ಸಣ್ಣ ಧಾರೆಯಾಗಿ ಇಳಿದುಬಿಟ್ಟರೆ ಒತ್ತಡಕ್ಕೆ ಕೊರತೆಯಿಲ್ಲ, ಹಿಂದೆ ಎಲ್ಲೋ ದಾರಿ ಕಿರಿದಾಗಿದೆ ಎಂದರ್ಥ. ಅರ್ಧ ಮುಚ್ಚಿದ ವಾಲ್ವ್ ಇದ್ದಲ್ಲಿ ಹೀಗಾಗುವುದು ಸಾಮಾನ್ಯ.

ಒಂದೇ ನಲ್ಲಿಯ ತೊಂದರೆಯಾಗಿದ್ದರೆ ಮೊದಲು ನೋಡಬೇಕಾದದ್ದು ಅದರ ಬಾಯಲ್ಲಿ ತಿರುಪಿನಿಂದ ಕೂರಿಸಿರುವ ಏರೇಟರ್, ಅಂದರೆ ನೀರಿಗೆ ಗಾಳಿ ಬೆರೆಸಿ ನೊರೆನೊರೆಯಾಗಿ ಇಳಿಸುವ ಸಣ್ಣ ಜಾಲರಿ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಇದು ಬೇಗ ಕಟ್ಟಿಕೊಳ್ಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500 ಒಟ್ಟು ಗಡಸುತನಕ್ಕೆ ಲೀಟರಿಗೆ 200 ಮಿಲಿಗ್ರಾಂ ಮಿತಿಯನ್ನು ಹಾಕಿದ್ದು, ಬೇರೆ ನೀರಿನ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪುತ್ತದೆ. ನಮ್ಮ ಬಯಲುಸೀಮೆಯ ಅನೇಕ ಬೋರ್‌ವೆಲ್‌ಗಳ ನೀರು ಮೊದಲ ಮಿತಿಯನ್ನು ದಾಟಿರುತ್ತದೆ. ಆ ಗಡಸುತನವೇ ಕ್ಯಾಲ್ಸಿಯಂ ಕಾರ್ಬೊನೇಟಿನ ಬಿಳಿ ಪದರವಾಗಿ ಜಾಲರಿಯ ಕಣ್ಣುಗಳನ್ನು ಮುಚ್ಚುತ್ತದೆ, ಮರಳು ಮತ್ತು ಕೊಳವೆಯ ತುಕ್ಕಿನ ಚೂರುಗಳು ಅದರ ಹಿಂದೆ ಬಂದು ನಿಲ್ಲುತ್ತವೆ.

ಏರೇಟರ್ ಬಿಚ್ಚುವಾಗ ಕೆಳಗಿನಿಂದ ನೋಡಿದಂತೆ ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ತಿರುಗಿಸಬೇಕು. ಮೇಲೆ ನಿಂತು ನೋಡುವವರಿಗೆ ದಿಕ್ಕು ತಿರುಗುಮುರುಗಾಗಿ ಕಾಣುವುದರಿಂದ ಹಲವರು ಬಿಚ್ಚುವ ಬದಲು ಬಿಗಿ ಮಾಡುತ್ತಾರೆ. ಕೈಗೆ ಬಗ್ಗದಿದ್ದರೆ ಹೊಳಪು ಕೆಡದಂತೆ ದಪ್ಪ ಬಟ್ಟೆ ಸುತ್ತಿ ಸ್ಪ್ಯಾನರ್ ಬಳಸಬಹುದು. ಕೆಲವು ಹೊಸ ನಲ್ಲಿಗಳಲ್ಲಿ ಏರೇಟರ್ ಬಾಯಿಯ ಒಳಗೇ ಅಡಗಿರುತ್ತದೆ, ಅದನ್ನು ತೆಗೆಯಲು ನಲ್ಲಿಯ ಜೊತೆ ಕೊಡುವ ಪ್ಲಾಸ್ಟಿಕ್ ಕೀ ಬೇಕು. ಒಳಗಿನ ವಾಷರ್, ಜಾಲರಿ ಮತ್ತು ಬಿಲ್ಲೆಗಳನ್ನು ತೆಗೆದ ಕ್ರಮದಲ್ಲೇ ತಟ್ಟೆಯಲ್ಲಿ ಸಾಲಾಗಿಟ್ಟು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದುಕೊಂಡರೆ ಮತ್ತೆ ಜೋಡಿಸುವಾಗ ಗೊಂದಲವಿರುವುದಿಲ್ಲ. ಬಿಡಿಭಾಗಗಳು ಚರಂಡಿಗೆ ಜಾರದಂತೆ ಬೇಸಿನ್ನಿನ ತೂತಿಗೆ ಬಟ್ಟೆ ತುರುಕಿಡುವುದು ಒಳ್ಳೆಯದು.

ಬಿಳಿ ಪದರ ಕರಗಲು ಅಡುಗೆಮನೆಯ ವಿನೆಗರ್ ಸಾಕು. ಇಲ್ಲದಿದ್ದರೆ ದಿನಸಿ ಅಂಗಡಿಯ ನಿಂಬೆ ಉಪ್ಪನ್ನು ಒಂದು ಲೋಟ ಬೆಚ್ಚಗಿನ ನೀರಿಗೆ ಒಂದೆರಡು ಚಮಚ ಕಲಸಿ, ಅರ್ಧ ಗಂಟೆ ಜಾಲರಿಯನ್ನು ನೆನೆಹಾಕಬೇಕು. ಪದರ ಕರಗುವಾಗ ಸಣ್ಣ ಗುಳ್ಳೆಗಳು ಏಳುತ್ತವೆ. ಬಳಿಕ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ನೀರು ಹೊರಬರುವ ಕಡೆಯಿಂದ ಒಳಮುಖವಾಗಿ ತೊಳೆದರೆ ಸಿಕ್ಕಿಕೊಂಡ ಮರಳು ಹೊರಗೆ ಬೀಳುತ್ತದೆ. ಟಾಯ್ಲೆಟ್ ತೊಳೆಯುವ ಆಸಿಡ್ ಮಾತ್ರ ಬೇಡವೇ ಬೇಡ: ಅದು ಕ್ರೋಮ್ ಲೇಪವನ್ನು ತಿನ್ನುತ್ತದೆ, ಬ್ಲೀಚಿಂಗ್ ಪುಡಿಯ ಜೊತೆ ಬೆರೆತರೆ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ.

ಏರೇಟರನ್ನು ಮತ್ತೆ ಹಾಕುವ ಮೊದಲು ಬರಿಯ ನಲ್ಲಿಯನ್ನು ಪೂರ್ತಿ ತೆರೆದು, ಹತ್ತು ಲೀಟರಿನ ಬಕೆಟ್ ತುಂಬಲು ಎಷ್ಟು ಹೊತ್ತಾಗುತ್ತದೆಂದು ನೋಡಬೇಕು. ಒಂದೂವರೆ ನಿಮಿಷದೊಳಗೆ ತುಂಬಿದರೆ ಅಡುಗೆಮನೆಗೂ ಬೇಸಿನ್ನಿಗೂ ಆ ಹರಿವು ಸಾಲುತ್ತದೆ, ದೋಷ ಏರೇಟರಿನಲ್ಲೇ ಇತ್ತೆಂದು ತಿಳಿಯಬಹುದು. ಇಲ್ಲೊಂದು ಮಾತು ಸೇರಿಸಬೇಕು. 2024ರ ಮಾರ್ಚ್‌ನಲ್ಲಿ ನೀರಿನ ಬರ ಬಿಗಡಾಯಿಸಿದಾಗ ಬೆಂಗಳೂರು ಜಲಮಂಡಳಿ ಅಪಾರ್ಟ್‌ಮೆಂಟುಗಳ ಸಾಮಾನ್ಯ ಜಾಗಗಳು, ವಾಣಿಜ್ಯ ಕಟ್ಟಡಗಳು ಮುಂತಾದ ಕಡೆ ಏರೇಟರ್ ಅಳವಡಿಕೆಯನ್ನು ಕಡ್ಡಾಯಗೊಳಿಸಿತು. ಮನೆಗಳಲ್ಲೂ ಅನೇಕರು ಆಗ ಹಾಕಿಸಿಕೊಂಡರು. ಅವು ಹರಿವನ್ನು ಕಡಿಮೆ ಮಾಡಲೆಂದೇ ಇರುವುದರಿಂದ, ಆ ಬಳಿಕ ನೀರು ಮಂದವಾಗಿದ್ದರೆ ಅದನ್ನು ದೋಷವೆನ್ನಲಾಗದು. ಬಕೆಟ್ ತುಂಬಿಸುವ ನಲ್ಲಿಗೆ ಅದರ ಅಗತ್ಯವಿಲ್ಲವೆಂಬುದು ನನ್ನ ಅಭಿಪ್ರಾಯ, ಏಕೆಂದರೆ ಬಕೆಟ್ಟಿಗೆ ಬೇಕಾದಷ್ಟು ನೀರು ಹೇಗೂ ಬೇಕೇ ಬೇಕು.

ಏರೇಟರ್ ತೆಗೆದ ಮೇಲೂ ಹರಿವು ಹೆಚ್ಚದಿದ್ದರೆ ಬೇಸಿನ್ನಿನ ಕೆಳಗಿನ ಆಂಗಲ್ ಕಾಕ್ ಪೂರ್ತಿ ತೆರೆದಿದೆಯೇ ಎಂದು ನೋಡಿ, ಅದನ್ನು ಮುಚ್ಚಿ, ನಲ್ಲಿಗೆ ಹೋಗುವ ಕನೆಕ್ಷನ್ ಪೈಪನ್ನು ಬಿಚ್ಚಬೇಕು. ಪೈಪಿನ ತುದಿಯನ್ನು ಬಕೆಟ್ಟಿಗೆ ಹಿಡಿದು ಕಾಕ್ ತೆರೆದಾಗ ನೀರು ರಭಸದಿಂದ ಬಂದರೆ ದೋಷ ನಲ್ಲಿಯೊಳಗಿದೆ. ಸಣ್ಣಗೇ ಬಂದರೆ ಪೈಪಿನಲ್ಲೋ, ಕಾಕ್‌ನಲ್ಲೋ, ಇನ್ನೂ ಹಿಂದೆಯೋ ಇದೆ. ಹಳೆಯ ಹಿತ್ತಾಳೆ ನಲ್ಲಿಗಳಲ್ಲಿ ಉಬ್ಬಿದ ಅಥವಾ ಕಳಚಿದ ವಾಷರ್ ದಾರಿಗೆ ಅಡ್ಡಬರುತ್ತದೆ. ಕಾಲು ಸುತ್ತಿಗೆ ತೆರೆಯುವ ಈಗಿನ ನಲ್ಲಿಗಳಲ್ಲಿ ಸೆರಾಮಿಕ್ ಬಿಲ್ಲೆಗಳ ಕಾರ್ಟ್ರಿಜ್ ಇರುತ್ತದೆ. ಹಿಡಿಯ ಮೇಲಿನ ಮುಚ್ಚಳ ಎಬ್ಬಿಸಿ, ತಿರುಪು ತೆಗೆದು, ಅದನ್ನು ಸ್ಪ್ಯಾನರಿನಿಂದ ಬಿಚ್ಚಿ ತೊಳೆಯಬಹುದು. ಬದಲಾಯಿಸುವುದಾದರೆ ಹಳೆಯದನ್ನೇ ಹಾರ್ಡ್‌ವೇರ್ ಅಂಗಡಿಗೆ ಒಯ್ಯಬೇಕು, ಅಳತೆ ಬಾಯಲ್ಲಿ ಹೇಳಿದರೆ ಸರಿಹೊಂದುವುದು ಅಪರೂಪ. ಹೊಸದಾಗಿ ಪ್ಲಂಬಿಂಗ್ ಮಾಡಿಸಿದ ಮನೆಯಾದರೆ ಟೆಫ್ಲಾನ್ ಟೇಪಿನ ಚೂರುಗಳೂ ಒಳಗಿರಬಹುದು.

ಹಿಂದಿನ ವಾಲ್ವ್‌ಗಳಲ್ಲಿ ಹೆಚ್ಚು ಮೋಸ ಮಾಡುವುದು ಹಳೆಯ ಗೇಟ್ ವಾಲ್ವ್. ಒಳಗಿನ ತಗಡು ಸವೆದ ದಂಡದಿಂದ ಕಳಚಿಕೊಂಡು ಕೆಳಗೇ ಉಳಿದುಬಿಡುತ್ತದೆ. ಮೇಲಿನ ಚಕ್ರ ಮಾತ್ರ ತೆರೆದಂತೆ ತಿರುಗುತ್ತದೆ. ಅದನ್ನು ರಿಪೇರಿ ಮಾಡುವುದಕ್ಕಿಂತ ಪೂರ್ಣ ತೂತಿನ ಬಾಲ್ ವಾಲ್ವ್ ಹಾಕಿಸುವುದು ಲೇಸು. ಹಳೆಯ ಮನೆಗಳ ಜಿಐ, ಅಂದರೆ ಸತು ಲೇಪಿಸಿದ ಕಬ್ಬಿಣದ ಕೊಳವೆಗಳಲ್ಲಿ ತುಕ್ಕು ಗಂಟುಕಟ್ಟಿ ಅರ್ಧ ಇಂಚಿನ ದಾರಿ ಪೆನ್ಸಿಲಿನಷ್ಟು ಕಿರಿದಾಗಿರುತ್ತದೆ, ಅದಕ್ಕೆ ಸಿಪಿವಿಸಿ ಎಂಬ ಪ್ಲಾಸ್ಟಿಕ್ ಕೊಳವೆಗೆ ಬದಲಾಯಿಸುವುದನ್ನು ಬಿಟ್ಟರೆ ಬಾಳುವ ಪರಿಹಾರವಿಲ್ಲ.

ಟ್ಯಾಂಕ್ ತೊಳೆದ ಅಥವಾ ಪೂರ್ತಿ ಬರಿದಾದ ಮರುದಿನವೇ ತೊಂದರೆ ಶುರುವಾದರೆ ಕೊಳವೆಯಲ್ಲಿ ಗಾಳಿ ಸಿಕ್ಕಿಕೊಂಡಿರಬೇಕು. ಟ್ಯಾಂಕ್ ತುಂಬಿಸಿ, ಎಲ್ಲಕ್ಕಿಂತ ಕೆಳಗಿನ ನಲ್ಲಿಯನ್ನು ಮೊದಲು ತೆರೆದು, ಬುಸುಗುಟ್ಟುವುದು ನಿಲ್ಲುವವರೆಗೆ ಹರಿಯಬಿಡಬೇಕು. ಸೋಲಾರ್ ಬಿಸಿನೀರಿನ ಕೊಳವೆಯಲ್ಲಿ ಹೀಗಾದಾಗ ಮಿಕ್ಸರ್ ನಲ್ಲಿಯ ಬಾಯಿಯನ್ನು ದಪ್ಪ ಬಟ್ಟೆಯಿಂದ ಒತ್ತಿ ಹಿಡಿದು, ತಣ್ಣೀರು ಮತ್ತು ಬಿಸಿನೀರಿನ ಎರಡೂ ಹಿಡಿಗಳನ್ನು ಸ್ವಲ್ಪ ಹೊತ್ತು ತೆರೆದಿಟ್ಟರೆ ತಣ್ಣೀರು ಹಿಮ್ಮುಖವಾಗಿ ನುಗ್ಗಿ ಗಾಳಿಯನ್ನು ತಳ್ಳುವುದುಂಟು. ಕೈ ತೆಗೆಯುವಾಗ ಸುಡುವ ನೀರು ಹಾರೀತೆಂಬ ಎಚ್ಚರವಿರಬೇಕು. ಗೀಸರ್ ಕಡೆಯ ಕೊಳವೆ ಬಿಚ್ಚುವುದಾದರೆ ಮೊದಲು ವಿದ್ಯುತ್ ಸ್ವಿಚ್ ಆರಿಸಲೇಬೇಕು.

ಬೀದಿಯ ಸರಬರಾಜಿಗೆ ನೇರವಾಗಿ ಜೋಡಿಸಿದ ನಲ್ಲಿಯಾದರೆ ಮೊದಲು ಅಕ್ಕಪಕ್ಕದ ಮನೆಯವರನ್ನು ಕೇಳಬೇಕು. ಅವರಿಗೆ ಚೆನ್ನಾಗಿ ಬಂದು ನಿಮಗಷ್ಟೇ ಬಾರದಿದ್ದರೆ ಮೀಟರಿನ ಬಾಯಲ್ಲಿರುವ ಜಾಲರಿ ಕಟ್ಟಿರಬಹುದು. ಅದನ್ನು ಸ್ವತಃ ಬಿಚ್ಚದೆ ನೀರು ಸರಬರಾಜು ಕಚೇರಿಗೆ ತಿಳಿಸಬೇಕು. ಬೆಂಗಳೂರಿನಲ್ಲಿ ಜಲಮಂಡಳಿಯ ಸಹಾಯವಾಣಿ 1916. ಆ ಕೊಳವೆಗೆ ನೇರವಾಗಿ ಮೋಟಾರ್ ಹಾಕಿ ಎಳೆಯುವುದು ನಿಯಮಬಾಹಿರ.

ಇಷ್ಟೆಲ್ಲ ನೋಡಿದ ಮೇಲೂ ಎಲ್ಲೂ ಅಡ್ಡಿ ಕಾಣದಿದ್ದರೆ ಎತ್ತರದ ಲೆಕ್ಕ ಹಾಕಬೇಕು. ಹತ್ತು ಮೀಟರ್ ಎತ್ತರದ ನೀರು ಸುಮಾರು ಒಂದು ಬಾರ್ ಒತ್ತಡ ಕೊಡುತ್ತದೆ. ತಾರಸಿಯ ಮೇಲೆ ಒಂದು ಮೀಟರ್ ಕಟ್ಟೆಯ ಮೇಲಿಟ್ಟ ಟ್ಯಾಂಕಿಗೂ ತಾರಸಿಯ ಕೆಳಗಿನ ಅಂತಸ್ತಿನ ಶವರಿಗೂ ನಡುವೆ ಎರಡು ಮೀಟರ್ ಇದ್ದರೆ ಹೆಚ್ಚು, ಅಂದರೆ ಅಲ್ಲಿನ ಒತ್ತಡ 0.2 ಬಾರ್. ಟ್ಯಾಂಕ್ ದೊಡ್ಡದಾದರೆ ಒತ್ತಡ ಹೆಚ್ಚುತ್ತದೆಂಬ ನಂಬಿಕೆ ಸುಳ್ಳು. ಲೆಕ್ಕಕ್ಕೆ ಬರುವುದು ಎತ್ತರವೊಂದೇ, ಅದೂ ಒಂದು ಮೀಟರಿಗೆ 0.1 ಬಾರ್ ಮಾತ್ರ. ಇಂತಹ ಮನೆಗೆ ಅಗಲವಾದ ರೈನ್ ಶವರ್ ಕೊಂಡುತಂದು ನಿರಾಶರಾಗುವವರು ಬಹಳ. ಮುಖ್ಯ ಕೊಳವೆಯನ್ನು ಅರ್ಧ ಇಂಚಿನಿಂದ ಮುಕ್ಕಾಲು ಇಂಚಿಗೆ ಏರಿಸಿದರೆ ನೀರಿನ ದಾರಿ ಸುಮಾರು ಎರಡು ಪಟ್ಟು ಅಗಲವಾಗಿ ಹರಿವು ಸುಧಾರಿಸುತ್ತದೆ. ಅದೂ ಸಾಲದಿದ್ದರೆ ಆಗ ಪ್ರೆಷರ್ ಪಂಪ್ ಹಾಕಿಸಬಹುದು. ಅದನ್ನು ಟ್ಯಾಂಕಿನ ಹೊರಹರಿವಿನ ಕೊಳವೆಗೆ ಜೋಡಿಸಿ, ಕರೆಂಟ್ ಹೋದಾಗಲೂ ನೀರು ತಾನಾಗಿ ಇಳಿಯುವಂತೆ ಪಕ್ಕದಲ್ಲಿ ನಾನ್ ರಿಟರ್ನ್ ವಾಲ್ವ್ (ನೀರು ಹಿಂದಕ್ಕೆ ಹರಿಯದಂತೆ ತಡೆಯುವ ವಾಲ್ವ್) ಇರುವ ಬೈಪಾಸ್ ಕೊಳವೆಯೊಂದನ್ನು ಇಡುವಂತೆ ಪ್ಲಂಬರಿಗೆ ಮೊದಲೇ ಹೇಳಬೇಕು.